ಚಾತುರ್ಮಾಸ್ಯದ ಚೀನೀ ಗಂಜಿ

ಜುಲೈ 10, 2003. ಏಕಾದಶಿ

ಉಪವಾಸ ಇದ್ದ ದಿನ ನನಗೆ ಸಿಟ್ಟು ಬೇಗ ಬರುತ್ತದೆ. ಬೈಯಲು ಮನೆಯಲ್ಲಿ ಯಾರೂ ಸಿಗುವುದಿಲ್ಲ, ಅದಕ್ಕೇ ಈ ಡೈರಿ. ಮಗ ಪ್ರವೀಣ ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋಗುತ್ತಾನೆ. ಇವರಿಗಂತೂ ಬೈಯುವಂತಿಲ್ಲ. ಮನಸ್ಸಿಗೆ ಆಘಾತ ಆಗುವ ಒಂದು ಮಾತೂ ಆಡಬೇಡಿ ಅಂತ ಡಾಕ್ಟರರ ಅಪ್ಪಣೆ. ಮೂವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಇಂಥ ಅಪ್ಪಣೆ ಕೊಡುವ ಡಾಕ್ಟರರಿಗೆ ಮದುವೆ ಆಗಿದೆಯೋ ಇಲ್ಲವೋ.

ಹೋದ ತಿಂಗಳು ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತವರು ಕೂತಲ್ಲೇ ಎದೆ ಹಿಡಿದುಕೊಂಡು ವಾಲಿದರು. ಹಾರ್ಟ್ ಅಟ್ಯಾಕ್. ಆಸ್ಪತ್ರೆಯಿಂದ ಜೀವಂತ ತಂದೆವು, ದೇವರು ದೊಡ್ಡವನು. ಆದರೆ ತಂದದ್ದು ಸುಬ್ರಾಯರನ್ನೋ ಒಂದು ದಿಂಬನ್ನೋ ಗೊತ್ತಾಗುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವರು ಏಳುವುದಿಲ್ಲ, ಮಾತಿಲ್ಲ, ಊಟವೂ ಇಲ್ಲ. ಎಣ್ಣೆ ಬೇಡ, ತುಪ್ಪ ಬೇಡ, ತೆಂಗಿನಕಾಯಿ ಬೇಡ, ಉಪ್ಪು ಚಿಟಿಕೆ. ಕುಂದಾಪುರದ ಕಡೆಯವರಿಗೆ ಕಾಯಿ ಬೇಡ ಅನ್ನುವುದೂ ಉಸಿರು ಬೇಡ ಅನ್ನುವುದೂ ಒಂದೇ. ಹೊಟ್ಟೆಗೆ ಬೀಳದಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ಹೀಗೇ ಆದರೆ ನಾನು ಹೊಣೆಯಲ್ಲ ಅಂತ ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು.

ಅದಕ್ಕೆ ಉಡುಪಿ ಕೃಷ್ಣನಿಗೆ ಹೇಳಿಕೊಂಡೆ. ಇವರು ಎದ್ದು ತಮ್ಮ ಕಾಲ ಮೇಲೆ ನಡೆದಾಡುವ ಹಾಗೆ ಮಾಡು, ಚಾತುರ್ಮಾಸ್ಯ ವ್ರತ ನಾಲ್ಕು ತಿಂಗಳೂ ಲೋಪ ಇಲ್ಲದೆ ನಡೆಸುತ್ತೇನೆ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಮನೆಯಲ್ಲಿರುವುದು ಒಂದೇ ಒಲೆ, ಹಾಗಾಗಿ ವ್ರತ ಇವರಿಗೂ ಸೇರಿ. ಇವರನ್ನು ಕೇಳಲಿಲ್ಲ.

ಜುಲೈ 13. ಹುಣ್ಣಿಮೆ

ಇವತ್ತು ಅನ್ನ, ಹೆಸರುಬೇಳೆ ತೊವ್ವೆ, ಕಾಳುಮೆಣಸಿನ ಸಾರು. ಮೂರನ್ನೂ ನೋಡಿ ಇವರು ತಟ್ಟೆ ದೂಡಿದರು. "ಇದನ್ನ ದನಕ್ಕೆ ಹಾಕು. ಬೇಡ, ದನ ಎಂತ ಪಾಪ ಮಾಡಿತ್ತು?" ಅಂದರು. ಮೂರು ದಿನದಲ್ಲಿ ಆಡಿದ ಮೊದಲ ಮಾತು. ಬಾಯಿಗೆ ಬಂದದ್ದನ್ನು ನುಂಗಿ, ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೊರಟೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು.

ನಾವು ನೆಲೆಸಿರುವ ಈ ತಮಿಳರ ತ್ರಿಪ್ಲಿಕೇನಿನಲ್ಲಿ ಕಣ್ಣೀರು ಬಿಟ್ಟು ಬೇರೆ ನೀರಿಲ್ಲ ಈ ವರ್ಷ. ಬೀದಿಯ ತಿರುವಿನಲ್ಲಿ ನೀರಿನ ಲಾರಿ ಬಂದು ನಿಂತಿತ್ತು, ಕೊಡ ಹಿಡಿದವರ ನೂಕುನುಗ್ಗಲು. ದಾರಿ ಬಿಡಲು ಪಕ್ಕದ ಮೆಟ್ಟಿಲು ಹತ್ತಿದೆ. ಹತ್ತಿದ ಮೇಲೆ ನೋಡಿದರೆ ಅದು ನ್ಯೂ ಕ್ಯಾಂಟನ್, ಚೀನಾದವರ ಹೋಟೆಲು. ಇಷ್ಟು ವರ್ಷ ಮೂಗಿಗೆ ಸೆರಗು ಹಿಡಿದು ದಾಟಿದ ಮೆಟ್ಟಿಲು. ಬೆಳಗ್ಗಿನಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ, ತಲೆ ಸುತ್ತಿ ಬಾಗಿಲು ಹಿಡಿದುಕೊಂಡೆ. ಒಳಗಿನಿಂದ ಒಬ್ಬಳು ಓಡಿ ಬಂದು, "ಉಳ್ಳೆ ವಾಂಗಮ್ಮಾ, ಉಕ್ಕಾರುಂಗ" ಅಂತ ಕೈ ಹಿಡಿದು ಒಳಗೆ ಕೂರಿಸಿದಳು. ನನಗಿಂತ ಚೆಂದದ ತಮಿಳು.

ಅವಳ ಹೆಸರು ಫಾಂಗ್. ನನ್ನದೇ ಪ್ರಾಯ. ಹುಟ್ಟಿದ್ದು ಇದೇ ಬೀದಿಯಲ್ಲಂತೆ, ಅವಳ ಅಪ್ಪ ಹಲ್ಲಿನ ಡಾಕ್ಟರ್ ಆಗಿದ್ದರಂತೆ. ಗಂಡ ಚಾನ್ ಅಡುಗೆಯವನು, ಮಾತಿಗೆ ಬಡವ. ಅವಳು ಗಂಜಿ ಕುಡಿಯುತ್ತಿದ್ದಳು. ಹುಣ್ಣಿಮೆ ಅಮಾವಾಸ್ಯೆಗೆ ಅವರು ಮಾಂಸ ಮುಟ್ಟುವುದಿಲ್ಲವಂತೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದಕ್ಕೆಂದೇ ಬೇರೆ ಬಾಣಲೆ, ಬೇರೆ ಪಾತ್ರೆ, ಬೇರೆ ಒಲೆ. ಗೋಡೆಯ ಮೇಲೆ ಕೆಂಪು ಗೂಡಿನಲ್ಲಿ ಗಡ್ಡದ ದೇವರು, ಮುಂದೆ ಊದಿನಕಡ್ಡಿ. ಹುಣ್ಣಿಮೆ ಪಾಲಿಸುವವರ ಮನೆಯಲ್ಲಿ ಒಂದು ಬಟ್ಟಲು ಗಂಜಿ ಕುಡಿದರೆ ಕೃಷ್ಣನಿಗೆ ಏನು ಕಷ್ಟ? ಕುಡಿದೆ.

ನಮ್ಮ ಗಂಜಿಯಲ್ಲಿ ಅಗುಳು ಅಗುಳಾಗಿ, ತಿಳಿ ತಿಳಿಯಾಗಿ ಬೇರೆ ಬೇರೆ ಇರುತ್ತದೆ. ಇದರಲ್ಲಿ ಅಕ್ಕಿಯೂ ಕಾಣದು ನೀರೂ ಕಾಣದು, ಎರಡೂ ಕರಗಿ ಒಂದೇ ಆಗಿದೆ. ತೆಂಗಿನಕಾಯಿ ಇಲ್ಲ, ತುಪ್ಪ ಇಲ್ಲ, ಉಪ್ಪು ಇದೆಯೋ ಇಲ್ಲವೋ ಅನ್ನುವಷ್ಟು. ಆದರೂ ಬಟ್ಟಲು ಖಾಲಿಯಾದದ್ದೇ ತಿಳಿಯಲಿಲ್ಲ. ಏಳುವಾಗ ಗಡ್ಡದ ದೇವರಿಗೂ ಕೈ ಮುಗಿದೆ. ಯಾವುದಕ್ಕೂ ಇರಲಿ.

ಜುಲೈ 15

ನಮ್ಮ ಅಕ್ಕಿ, ನಮ್ಮ ಪಾತ್ರೆ, ಅವರ ಹುಣ್ಣಿಮೆಯ ಒಲೆ, ಚಾನ್ ಕೈ. ಇದು ಒಪ್ಪಂದ. ಶುಂಠಿಯೂ ಸಲ್ಲದು, ಕಾಳುಮೆಣಸು ಮಾತ್ರ ಅಂದೆ. ಫಾಂಗ್ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಯಾರಿಗೆ ಗಂಜಿ ಅಂತ ಅವನು ಕೇಳಿದನಂತೆ. ನನ್ನ ಗಂಡ ಉಣ್ಣುವುದಿಲ್ಲ ಅಂದೆ. ಅವನು ಕೈ ಒರೆಸಿಕೊಂಡು ಪಾತ್ರೆ ತೆಗೆದುಕೊಂಡ, ಮತ್ತೊಂದು ಪ್ರಶ್ನೆ ಇಲ್ಲ.

ಮನೆಗೆ ತಂದು ನಮ್ಮ ಬಟ್ಟಲಿಗೆ ಬಗ್ಗಿಸಿ ಕೊಟ್ಟೆ. ಒಂದು ಚಮಚ. ಎರಡು. ನಾನು ದೇವರ ಕೋಣೆಯ ಬಾಗಿಲಲ್ಲಿ ಚಮಚ ಎಣಿಸುತ್ತಾ ನಿಂತಿದ್ದೆ. ಬಟ್ಟಲು ಪೂರ್ತಿ ಖಾಲಿ.

"ಎಂತ ಅಕ್ಕಿ ಇದು?"

"ಬೆಳ್ತಿಗೆ. ಡಾಕ್ಟ್ರು ಹೇಳಿದ್ರು."

"ಇವತ್ತು ಸಮಾ ಬೆಂದಿತ್ತು. ಯಾರು ಮಾಡದ್ದು?"

"ನಾನೇ. ಮತ್ಯಾರು ಮಾಡ್ತ್ರು?"

"ಲಾಯ್ಕಾಯ್ತು" ಅಂದು ಮಲಗಿದರು. ಮೂವತ್ತಾರು ವರ್ಷದಲ್ಲಿ ನನ್ನ ಅಡುಗೆಗೆ ಸಿಕ್ಕಿದ ಮೊದಲ ಸರ್ಟಿಫಿಕೇಟು. ನಾಚಿಕೆಪಡದೆ ತೆಗೆದುಕೊಂಡೆ.

ಜುಲೈ 27

ಎರಡು ಬಟ್ಟಲು. ಗೋಡೆ ಬಿಟ್ಟು ಈ ಕಡೆ ತಿರುಗಿ ಮಲಗಿದರು. ಪೇಪರ್ ಕೇಳಿದರು, ಓದಿ ಎಲ್ಲರಿಗೂ ಬೈದರು. ಒಳ್ಳೆಯ ಲಕ್ಷಣ.

ಆಗಸ್ಟ್ 3

ಸುಳ್ಳು ಹೇಳಿ ಹೊಗಳಿಸಿಕೊಳ್ಳುವುದಕ್ಕಿಂತ ನಿಜವಾಗಿ ಕಲಿಯೋಣ ಅಂತ ಇವತ್ತು ನಾನೇ ಮಾಡಿದೆ. ಚಾನ್ ಮಾಡುವುದನ್ನು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಕ್ಕಿ ತೊಳೆದು ಉಪ್ಪು ಬೆರೆಸಿಡುವುದು, ಕುದಿಯುವ ನೀರಿಗೆ ಹಾಕುವುದು, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುವುದು. ಇದರಲ್ಲಿ ಕಷ್ಟ ಏನು?

ಇವರು ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದರು.

"ಎಂತ ಆಯ್ತು ಇವತ್ತು ನಿಂಗೆ? ಮನಸ್ಸು ಎಲ್ಲಿತ್ತು?"

ಸಂಜೆ ಪಾತ್ರೆ ಎತ್ತಿಕೊಂಡು ನ್ಯೂ ಕ್ಯಾಂಟನ್‌ಗೆ ಹೋದೆ. ನನ್ನ ಕೈಯ ಗಂಜಿಯನ್ನು ಫಾಂಗ್‌ಗೆ ತಿನ್ನಿಸಿದೆ. ಅವಳು ಇನ್ನೊಂದು ಚಮಚ ರುಚಿ ನೋಡಿ, "ಗಂಡನ ಮೇಲೆ ಕೋಪವಾ?" ಅಂತ ಕೇಳಿದಳು.

ಆಗಸ್ಟ್ 10

ತರಕಾರಿ ತಿಂಗಳು ಮುಗಿಯಿತು, ಈಗ ಮೊಸರು ಇಲ್ಲದ ತಿಂಗಳು. ಚೀನಾದವರ ಅಡುಗೆಮನೆಯಲ್ಲಿ ಮೊಸರೆಂಬುದೇ ಇಲ್ಲ. ಈ ವ್ರತವನ್ನು ಮಾಡಿದ ಋಷಿಗಳು ಆ ಕಡೆ ಹೋಗಿ ಬಂದಿದ್ದರೋ ಏನೋ.

ಇವತ್ತು ಅಡುಗೆಮನೆ ಪಕ್ಕದ ಮೇಜಿನಲ್ಲಿ ಕೂತೆ. ಅದು ನನ್ನ ಮೇಜು ಅಂತ ಆಗಿಬಿಟ್ಟಿದೆ. ಗೋಡೆಗೆ ಮುಖ, ಜನಕ್ಕೆ ಬೆನ್ನು. ಮುಂದಿನ ಸಾಲಿನಲ್ಲಿ ಯಾರು ಏನನ್ನು ಕಡಿದು ತಿನ್ನುತ್ತಾರೋ ನನಗೆ ಕಾಣುವುದಿಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಚಾನ್ ಅಕ್ಕಿಹಿಟ್ಟಿನ ನೀರನ್ನು ತೆಳ್ಳಗೆ ತಟ್ಟೆಯಲ್ಲಿ ಹೊಯ್ದು ಹಬೆಗೆ ಇಟ್ಟ. ತೆಗೆದಾಗ ಅದು ನಮ್ಮ ನೀರುದೋಸೆಗಿಂತ ತೆಳು, ಆಚೆಗಿನ ಬೆರಳು ಕಾಣುತ್ತದೆ. ಅದನ್ನು ಸುತ್ತಿ, ಕತ್ತರಿಸಿ, ಮೇಲೆ ಕಪ್ಪು ನೀರು ಸುರಿದು, ಎಳ್ಳು ಉದುರಿಸಿ ಕೊಟ್ಟ. ಒಂದು ತೊಟ್ಟು ಎಣ್ಣೆ ಕಾಯಿಸದೆ ಇಷ್ಟು ರುಚಿ ಬರುವುದಾದರೆ, ನಾವು ಊರಲ್ಲಿ ಒಗ್ಗರಣೆಗೆ ಸುರಿದ ಎಣ್ಣೆಯೆಲ್ಲ ಯಾರ ಉದ್ಧಾರಕ್ಕೆ?

ಆಮೇಲೆ ಬಂತು ಅದು. ಬಿಳಿ, ಮೆತ್ತಗೆ, ಅಲ್ಲಾಡುತ್ತಾ. ಶುಂಠಿಯ ಎಳೆ ಮೇಲಿಟ್ಟು ಹಬೆಯಲ್ಲಿ ಬೇಯಿಸಿದ ಪನೀರು. ಪ್ರವೀಣ ನಮ್ಮ ಹೋಟೆಲಿಗೆ ತರಿಸುವ ಪನೀರನ್ನು ಜಗಿದು ದವಡೆ ನೋಯಬೇಕು, ಇದು ನಾಲಗೆಗೆ ತಾಗಿದ್ದೇ ಇಲ್ಲವಾಯಿತು. ಚೀನಾದ ದನದ ಹಾಲು ಹೇಗೋ ಏನೋ. ಪನೀರು ಮೊಸರಲ್ಲ, ಒಡೆದ ಹಾಲು, ಆದ್ದರಿಂದ ಈ ತಿಂಗಳು ಸಲ್ಲುತ್ತದೆ ಅಂತ ನಾನೇ ತೀರ್ಪು ಕೊಟ್ಟೆ. ಇವರಿಗೂ ಒಂದು ಡಬ್ಬಿ ಕಟ್ಟಿಸಿಕೊಂಡೆ.

"ಪನೀರು ಹೀಂಗೂ ಮಾಡುಕೆ ಆತ್ತಾ?" ಅಂದರು.

"ಟಿವಿಲಿ ನೋಡಿ ಕಲ್ತೆ" ಅಂದೆ. ನಮ್ಮ ಟಿವಿ ಕೆಟ್ಟು ಮೂಲೆ ಸೇರಿದೆ. ಇವರಿಗೆ ಅದು ನೆನಪಾಗಲಿಲ್ಲ, ಪುಣ್ಯ.

ಆಗಸ್ಟ್ 31. ಚೌತಿ

ಇವರು ಮಣೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಪೂಜೆಗೆ ಕೂತರು. ಕಾಯಿ ತಾವೇ ಒಡೆದರು. ಒಡೆದ ಸದ್ದಿಗೆ ನನ್ನ ಎದೆಯೇ ಹಗುರವಾಯಿತು.

ಎಲೆಯಲ್ಲಿ ಬೇಯಿಸಿದ ಕಡುಬು ನಾಲ್ಕು ನ್ಯೂ ಕ್ಯಾಂಟನ್‌ಗೂ ಹೋಯಿತು. ಚಾನ್ ಎಲೆ ಬಿಡಿಸಿ, ಮೂಸಿ, ಸುತ್ತ ತಿರುಗಿಸಿ ನೋಡಿದ. ಅವನ ಅಮ್ಮನ ಊರಿನಲ್ಲೂ ಹಬ್ಬಕ್ಕೆ ಅಕ್ಕಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸುತ್ತಾರಂತೆ. ಅದನ್ನು ಹೇಳಲು ಅವನು ಫಾಂಗ್‌ಗೆ ಕಾಯಲಿಲ್ಲ, ಕೈಯಲ್ಲೇ ಕಟ್ಟಿ ತೋರಿಸಿದ.

ಸಂಜೆ ಹೊತ್ತು ಇವರು ನನ್ನನ್ನು ಹತ್ತಿರ ಕೂರಿಸಿಕೊಂಡು, ನಾಳೆ ಎಂತ ಮಾಡ್ತೆ ಅಂತ ಕೇಳುವುದು ಈಗ ಅಭ್ಯಾಸವಾಗಿದೆ. ಹೋಟೆಲು ನಡೆಸಿದಷ್ಟು ಕಾಲ ಅಲ್ಲಿಯೇ ಉಂಡು ಮಲಗಲಿಕ್ಕೆ ಮನೆಗೆ ಬಂದ ಮನುಷ್ಯ. ನಾಳೆ ಏನು ಅಂತ ನನಗೇ ಗೊತ್ತಿರುವುದಿಲ್ಲ, ಚಾನ್‌ಗೆ ಗೊತ್ತು. ಕಣ್ಣು ಮುಚ್ಚಿ ಯೋಚಿಸುವವಳ ಹಾಗೆ ಮಾಡಿ, ಕಾಣುವ ಅನ್ನುತ್ತೇನೆ.

ಸೆಪ್ಟೆಂಬರ್ 8

ನಿನ್ನೆಯಿಂದ ಕ್ಷೀರ ವ್ರತ. ಹಾಲಿನದ್ದು ಯಾವುದೂ ಆಗದು. ಕಾಫಿ ಹೋಯಿತು, ಅದು ಹೋಗಲಿ. ಫಾಂಗ್ ಎಂದಿನಂತೆ ಪನೀರಿನ ಬಟ್ಟಲು ತಂದಿಟ್ಟಳು, ಹಬೆ ಏಳುತ್ತಿತ್ತು, ಶುಂಠಿಯ ವಾಸನೆ. ಕೈಯಲ್ಲಿ ದೂರ ತಳ್ಳಿ, ವಿರದಂ, ಒರು ಮಾಸಂ ವೇಂಡಾಂ ಅಂದೆ. ವ್ರತ ಅಂದ ಮೇಲೆ ಅವಳು ಹೆಚ್ಚು ಕೇಳುವವಳಲ್ಲ. ಬಟ್ಟಲನ್ನು ನನ್ನ ಕಣ್ಣ ಮುಂದೆಯೇ ಅವಳು ತಿಂದು ಮುಗಿಸಿದಳು. ಸ್ನೇಹ ಅಂದರೆ ಇದೇನಾ?

ಕೃಷ್ಣಾ, ನೋಡಿಕೋ. ನಿನಗಾಗಿ ಯಾರೂ ಇಷ್ಟು ದೊಡ್ಡದನ್ನು ಬಿಟ್ಟಿರಲಿಕ್ಕಿಲ್ಲ.

ಸೆಪ್ಟೆಂಬರ್ 21

"ಆ ಪನೀರು ಎಂತಕ್ಕೆ ಬಪ್ಪುದಿಲ್ಲ ಈಗ?"

"ಹಾಲಿನ ವ್ರತ."

"ಹೌದಲ್ದಾ" ಅಂತ ನಿಟ್ಟುಸಿರು ಬಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೆನೆಸಿಕೊಂಡು ಕೂತೆವು. ಒಂದೇ ವಸ್ತುವಿಗೆ ಇಬ್ಬರೂ ಆಸೆಪಟ್ಟು ಕೂತದ್ದು ನಮ್ಮ ಸಂಸಾರದಲ್ಲಿ ಇದೇ ಮೊದಲಿರಬೇಕು.

ಸಂಜೆ ನನ್ನ ಭುಜ ಹಿಡಿದು ಬೀದಿಯ ತಿರುವಿನವರೆಗೆ ನಡೆದರು. ಎದುರಿಗೇ ನ್ಯೂ ಕ್ಯಾಂಟನ್, ಬಾಗಿಲಲ್ಲೇ ಫಾಂಗ್. ನಾನು ಹುಬ್ಬು ಹಾರಿಸಿದೆ, ತಲೆ ಅಲ್ಲಾಡಿಸಿದೆ, ಅವಳಿಗೆ ತಿಳಿದರೆ ತಾನೆ? ಇವತ್ತು ಯಾಕೆ ಬರಲಿಲ್ಲ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಆಕಿ ಎಲ್ಲಿಗೆ ಬಪ್ಪುಕೆ ಹೇಳದ್ದು ನಿನ್ನ?"

"ನೀರಿನ ಲಾರಿಗೆ. ಆಕಿ ಕೊಡ ನಾನು ಹಿಡೂದು, ನನ್ನ ಕೊಡ ಆಕಿ ಹಿಡೂದು."

"ಒಳ್ಳೆ ಹೆಂಗಸು" ಅಂದರು ಇವರು. ಅದು ಮಾತ್ರ ಸುಳ್ಳಲ್ಲ.

ಅಕ್ಟೋಬರ್ 7

ಹಾಲಿನ ತಿಂಗಳು ಮುಗಿಯಿತು. ಈಗ ದ್ವಿದಳ ವ್ರತ, ಕೊನೆಯದು, ಕಠಿಣವಾದದ್ದು. ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಸಲ್ಲದು. ತೊಗರಿ, ಉದ್ದು, ಕಡಲೆ, ಹೆಸರು ಯಾವುದೂ ಇಲ್ಲ. ಇಡ್ಲಿ ದೋಸೆ ಮಾರಿ ಬದುಕಿದ ಮನೆಯಲ್ಲಿ ಉದ್ದು ಇಲ್ಲ ಅಂದರೆ ಏನು ಉಳಿಯಿತು?

ಪನೀರು ಉಳಿಯಿತು. ಬೆಳಗ್ಗೆಯೇ ಹೋಗಿ, ವಿರದಂ ಮುಡಿಂಜಿಡ್ಚು, ಹಾಲಿನ ವ್ರತ ಮುಗಿಯಿತು, ದಿನಾ ಎರಡು ಡಬ್ಬಿ ಅಂದೆ. ಫಾಂಗ್ ನನ್ನನ್ನು ತಬ್ಬಿಕೊಂಡಳು. ಇವರು ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

ಅಕ್ಟೋಬರ್ 24. ದೀಪಾವಳಿ

ನಡೆದರು. ಯಾರ ಭುಜವನ್ನೂ ಹಿಡಿಯದೆ, ಹೊಸ ಪಂಚೆ ಉಟ್ಟು, ಮನೆಯಿಂದ ಹೋಟೆಲಿನವರೆಗೆ. ಪ್ರವೀಣ ಗಲ್ಲಾದಿಂದ ಎದ್ದು ನಿಂತ. ಇವರು ಕೂತು, ಬಂದ ಗಿರಾಕಿಗಳಿಗೆಲ್ಲ ನಮಸ್ಕಾರ ಹೇಳಿ, ಸಾಂಬಾರಿಗೆ ಇಂಗು ಕಮ್ಮಿ ಅಂತ ಬೈದು, ಮತ್ತೆ ನಡೆದೇ ಬಂದರು. ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಷ್ಟು ಸಂತೋಷ ತಡೆಯುವ ಶಕ್ತಿ ಇಲ್ಲ ನನಗೆ. ವ್ರತ ಮುಗಿಯಲು ಇನ್ನು ಕೆಲವೇ ದಿನ. ಕೃಷ್ಣ ಮಾತು ಉಳಿಸಿದ, ನಾನೂ ಉಳಿಸಿದೆ.

ಅಕ್ಟೋಬರ್ 28

ಬೆಳಗ್ಗೆ ಬೇಗ ಹೋದದ್ದೇ ತಪ್ಪಾಯಿತು. ಚಾನ್ ಇನ್ನೂ ತಯಾರಿಯಲ್ಲಿದ್ದ. ಹಿಂದೆ ದೊಡ್ಡ ಪಾತ್ರೆಯಲ್ಲಿ ನೆನೆದ ಹಳದಿ ಕಾಳು. ಅದನ್ನು ಅರೆದು, ಬಟ್ಟೆಯಲ್ಲಿ ಹಿಂಡಿ, ಬಿಳಿ ಹಾಲು ತೆಗೆದು ಕಾಯಿಸುತ್ತಿದ್ದ. ಅವನು ಅದಕ್ಕೆ ಏನೋ ಬೆರೆಸಿ ಮುಚ್ಚಿಟ್ಟ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ಒಳಗೆ ನನ್ನ ಪನೀರು, ಅಲ್ಲಾಡುತ್ತಾ.

"ಪಾಲ್ ಎಲ್ಲಿ?" ಅಂದೆ.

"ಪಾಲಾ? ಇದರಲ್ಲಿ ಹಾಲು ಯಾಕಮ್ಮಾ? ಸೋಯಾ ಬೀನ್ಸ್. ಆ ಕಪ್ಪು ಸಾಸ್ ಕೂಡ ಅದೇ" ಅಂದಳು ಫಾಂಗ್.

ಪಾತ್ರೆಯಿಂದ ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಒತ್ತಿದೆ. ಸಿಪ್ಪೆ ಜಾರಿ, ಅಚ್ಚುಕಟ್ಟಾಗಿ ಎರಡು ಹೋಳಾಯಿತು. ದ್ವಿದಳ.

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತಿರುವ ಗಾದೆ. ಹಾಲಿನ ತಿಂಗಳಲ್ಲಿ ಧಾರಾಳವಾಗಿ ತಿನ್ನಬಹುದಾಗಿತ್ತು, ಆಗ ಬಾಯಿ ಕಟ್ಟಿಕೊಂಡು ಕೂತೆವು. ಕಾಳಿನ ತಿಂಗಳಲ್ಲಿ ದಿನಾ ಎರಡು ಡಬ್ಬಿ ಮುಕ್ಕಿದೆವು. ಬೇಕೆಂದೇ ವ್ರತ ಕೆಡಿಸುವವರಿಗೂ ಇಷ್ಟು ಕರಾರುವಾಕ್ಕಾಗಿ ಕೆಡಿಸಲಿಕ್ಕೆ ಬರುವುದಿಲ್ಲ. ಚಾನ್ ಏನೂ ತಿಳಿಯದೆ ನನ್ನ ಡಬ್ಬಿ ತುಂಬಿಸಿ ಕೊಟ್ಟ. ದಾರಿಯಲ್ಲಿ ಹಸುವಿಗೆ ಹಾಕಿದೆ.

ಸಂಜೆ ಇವರು ಹೋಟೆಲಿನಿಂದ ನಡೆದು ಬಂದು ಕೂತವರು ಎದೆ ಮೇಲೆ ಕೈ ಇಟ್ಟುಕೊಂಡರು. ಬೆವರು. ಸಣ್ಣಗೆ ನೋವು ಅಂದರು. ಬೀದಿಗೆ ಓಡಿ ಆಟೋ ನಿಲ್ಲಿಸಿದೆ.

ಅಕ್ಟೋಬರ್ 30

ಇಸಿಜಿ ಸರಿಯಾಗಿದೆಯಂತೆ. ಗ್ಯಾಸ್ ಅಂದರು ಡಾಕ್ಟರರು. ಡಾಕ್ಟರರಿಗೆ ಏನು ಗೊತ್ತು, ವ್ರತ ಹಿಡಿದವಳು ನಾನು.

ಮಠಕ್ಕೆ ಹೋಗಿ ಭಟ್ಟರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, "ಸೋಯಾ ಅಂತ ಶಾಸ್ತ್ರದಲ್ಲಿ ಹೆಸರು ಇಲ್ಲಮ್ಮ. ಒಡೆದರೆ ಎರಡಾಗ್ತದಾ?" ಅಂದರು.

"ಆಗ್ತದೆ."

"ಹಾಗಾದ್ರೆ ಸಂಶಯ ಇಲ್ಲ. ಎಲ್ಲಿ ತಿಂದದ್ದು?"

ಹೇಳಿದೆ. ಭಟ್ಟರು ಕನ್ನಡಕವನ್ನು ಪೂರ್ತಿ ತೆಗೆದೇ ಬಿಟ್ಟರು. ಪಾಪ, ಬೈಯಲಿಲ್ಲ. ತಿಳಿಯದೆ ಆದದ್ದಕ್ಕೆ ದಾರಿ ಇದೆಯಂತೆ. ದ್ವಾದಶಿಯ ದಿನ ಒಂದು ದಂಪತಿಯನ್ನು ಕೂರಿಸಿ ತೃಪ್ತಿಯಾಗುವಷ್ಟು ಊಟ ಹಾಕಬೇಕು. ಆದರೆ ಅದಕ್ಕೆ ಮೊದಲು, ಯಾರಿಗಾಗಿ ವ್ರತ ಹಿಡಿದೆನೋ ಅವರಿಗೆ ಎಲ್ಲವನ್ನೂ ಹೇಳಿ, ಅವರ ಬಾಯಿಂದ ತಪ್ಪಿಲ್ಲ ಅನ್ನಿಸಬೇಕು.

ಅತ್ತ ದರಿ, ಇತ್ತ ಪುಲಿ. ನೀವು ನಾಲ್ಕು ತಿಂಗಳು ಚೀನಾದವರ ಹೋಟೆಲಿನಲ್ಲಿ ಉಂಡಿರಿ ಅಂತ ಸಂಧ್ಯಾವಂದನೆ ತಪ್ಪಿಸದ ಮನುಷ್ಯನಿಗೆ ಹೇಳಿದರೆ ಎದೆ ನಿಲ್ಲುತ್ತದೆ. ಹೇಳದಿದ್ದರೆ ವ್ರತಭಂಗಕ್ಕೆ ಎದೆ ನಿಲ್ಲುತ್ತದೆ.

ನವೆಂಬರ್ 2

ಹೇಳಲಿಲ್ಲ. ಈ ವಾರವೆಲ್ಲ ನನ್ನ ಸ್ವಂತ ಅಡುಗೆ. ಇವರು ಮಾತಾಡದೆ ಅರ್ಧ ತಿಂದು ಏಳುತ್ತಾರೆ. ಫಾಂಗ್ ಬೀದಿಯಲ್ಲಿ ಸಿಕ್ಕಿ, ನಮ್ಮ ಮೇಲೆ ಕೋಪವಾ ಅಂದಳು. ಅದಕ್ಕೂ ಅಳು ಬಂತು.

ನವೆಂಬರ್ 4. ಏಕಾದಶಿ

ಹೇಳಿದೆ.

ಇವತ್ತು ಇಬ್ಬರಿಗೂ ಉಪವಾಸ. ನಾಲಗೆಯ ಕೆಳಗಿಡುವ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದುರಿಗೆ ಕೂತೆ.

"ನಿಮ್ಮ ಹತ್ರ ಒಂದು ಮಾತು ಹೇಳೂದಿತ್ತು. ಎದೆ ಹ್ಯಾಂಗಿತ್ತು?"

"ಎದೆ ಇದ್ದಲ್ಲೇ ಇತ್ತು. ಹೇಳು ಮಾರಾಯ್ತಿ."

ಲಾರಿಯಿಂದ ಹಿಡಿದು ಸೋಯಾ ಕಾಳಿನವರೆಗೆ, ಭಟ್ಟರು ಕೊಟ್ಟ ಪರಿಹಾರವನ್ನೂ ಸೇರಿಸಿ ಹೇಳಿದೆ. ನನ್ನ ಕಣ್ಣೆಲ್ಲ ಇವರ ಎದೆಯ ಮೇಲೆ. ಅದು ಏರಿತು, ಇಳಿಯಿತು. ಇವರು ಕೇಳಿದರು.

"ಅಕ್ಕಿ?"

"ನಮ್ದು."

"ಪಾತ್ರೆ?"

"ನಮ್ದೇ."

"ನೀರು?"

"ಲಾರಿದು."

"ಲಾರಿ ನೀರಿಗೆ ಎಂತ ಮಡಿ, ಎಂತ ಮೈಲಿಗೆ" ಅಂದರು. ನನಗೆ ಸ್ವಲ್ಪ ಉಸಿರು ಬಂತು. ಆಮೇಲೆ ತಲೆ ಎತ್ತಿ, "ಹಾಂಗಾರೆ ಇಷ್ಟು ದಿನ ನಾನು ಹೊಗಳದ್ದು ಯಾರನ್ನ?" ಅಂತ ಕೇಳಿದರು.

ಮುಷ್ಟಿ ಬಿಚ್ಚಿ ಮಾತ್ರೆ ಮುಂದೆ ಹಿಡಿದೆ, ಇವರು ಕೈ ತಳ್ಳಿದರು.

"ಇಷ್ಟು ವರ್ಷ ನಿನ್ನ ಕೈ ಅಡುಗೆ ಸಮಾ ಉಣ್ಣಲಿಲ್ಲ, ಅನ್ಯಾಯ ಮಾಡ್ದೆ ಅಂತ ನಾನು ಇಲ್ಲಿ ಮಲ್ಕಂಡು ಮರುಗದ್ದು. ಅದು ಆ ಚೀನಾದವನಿಗಾ?"

ತಪ್ಪಿಲ್ಲ ಅನ್ನಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಆ ಬೆನ್ನು ನೋಡುತ್ತಾ ಕೂತೆ. ನನ್ನ ಹೆದರಿಕೆ ವ್ರತದ್ದಲ್ಲ, ಕೃಷ್ಣನದ್ದೂ ಅಲ್ಲ. ಈ ಮನುಷ್ಯ ಇಲ್ಲದಿದ್ದರೆ ಇನ್ನು ನಾನು ಯಾರಿಗೆ ಸುಳ್ಳು ಹೇಳಲಿ?

ನವೆಂಬರ್ 5. ದ್ವಾದಶಿ

ಬೆಳಗಿನ ಜಾವ ಎದ್ದಾಗ ಹಾಸಿಗೆ ಖಾಲಿ. ಹೊರಗೆ ಓಡಿದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಸ್ನಾನ ಮಾಡಿ, ಪಂಚೆ ಎತ್ತಿ ಕಟ್ಟಿ, ಒಲೆಯ ಮುಂದೆ ನಿಂತು ಸೌಟು ತಿರುಗಿಸುತ್ತಿದ್ದರು. ಹೋಟೆಲಿನ ಒಲೆ ಬಿಟ್ಟು ಗಲ್ಲಾ ಹತ್ತಿದ ಮೇಲೆ ಇವರು ಸೌಟು ಹಿಡಿದದ್ದನ್ನು ನಾನು ಕಂಡಿಲ್ಲ.

"ಎಂತ ಮಾಡ್ತಿದ್ರಿ?"

"ದಂಪತಿಗೆ ಊಟ ಹಾಕುಕಿಲ್ಯಾ? ಪ್ರವೀಣನ ಹತ್ರ ಹೇಳಿ ಕಳ್ಸಿದೆ. ಏಳು ಗಂಟೆಗೆ ಬತ್ರು, ಆ ಚೀನಾದವರು. ಊಟ ಹೋಟೆಲಿಂದ ಬತ್ತು. ಗಂಜಿ ಮಾತ್ರ ನಂದು."

"ಅವರನ್ನಾ? ಭಟ್ರು ಎಂತ ಹೇಳ್ತ್ರೋ."

"ಭಟ್ರು ದಂಪತಿ ಅಂತ ಹೇಳದ್ದಲ್ದಾ? ಅವರು ಗಂಡ ಹೆಂಡ್ತಿ ಅಲ್ದಾ?"

ವಾದಕ್ಕೆ ಎಡೆ ಇರಲಿಲ್ಲ. ಸೌಟು ತಿರುಗಿಸುತ್ತಲೇ, ನನ್ನ ಕಡೆ ನೋಡದೆ, "ಎದೆ ನೋವು ಬಂದ ದಿನ ಹೋಟೆಲಲ್ಲಿ ನಾಲ್ಕು ಕಡಲೆಹಿಟ್ಟಿನ ಬೋಂಡ ತಿಂದಿದೆ" ಅಂದರು. "ಗ್ಯಾಸ್ ಆದ್ದು ಅದಕ್ಕೇ. ಅದೂ ದ್ವಿದಳವೇ. ನಿಂಗೆ ತಪ್ಪಿಲ್ಲ ಅಂತ ನಾನು ಹೇಳ್ತೆ. ನಂಗೂ ನೀನು ಹೇಳ್ಕು."

"ಅದು ಬೋಂಡ ಅಂತ ಗೊತ್ತಿದ್ದೇ ತಿಂದದ್ದಲ್ದಾ ನೀವು?" ಅಂದೆ. ಇವರ ಮುಖ ಸಣ್ಣದಾಯಿತು. ಆಮೇಲೆ ಪಾಪ ಕಂಡು, ತಪ್ಪಿಲ್ಲ ಅಂದೆ. ಇವರೂ ಅಂದರು.

ಏಳಕ್ಕೆ ಸರಿಯಾಗಿ ಬಂದರು. ಚಾನ್ ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ, ಫಾಂಗ್ ರೇಷ್ಮೆ ಸೀರೆ. ಬೆಳಗ್ಗೆ ಏಳಕ್ಕೆ ಬಾಳೆಲೆಯ ಮೇಲೆ ಪೂರ್ತಿ ಊಟ ಕಂಡು ಚಾನ್ ಕಂಗಾಲಾದ. ಬೇಳೆಗೆ ಇವತ್ತು ಬಿಡುಗಡೆ, ತೊವ್ವೆ, ಸಾಂಬಾರು, ಕೋಸಂಬರಿ, ಆಂಬೊಡೆ ಎಲ್ಲ ಒಟ್ಟಿಗೆ ಬಂದಿದ್ದವು. ಇವರೇ ಬಗ್ಗಿ ಬಗ್ಗಿ ಬಡಿಸಿದರು. ಪ್ರವೀಣ ಪಾತ್ರೆ ಕಸಿದುಕೊಳ್ಳಲು ಬಂದರೆ ಕಣ್ಣು ಬಿಟ್ಟರು. ನಾನೂ ಬಡಿಸಲು ಎದ್ದೆ. "ನೀನೂ ಕೂತ್ಕೋ. ಅವರ ಸಾಲಲ್ಲೇ ಕೂತ್ಕೋ" ಅಂದರು. ಗಂಡ ನಿಂತಿರುವಾಗ ಕೂತು ಉಂಡವಳಲ್ಲ ನಾನು. ಕೂತೆ. ಎಲೆಯ ತುದಿಗೆ ಉಪ್ಪಿನಿಂದ ಹಿಡಿದು ಒಂದೊಂದಾಗಿ ಇವರ ಕೈಯಿಂದ ಬೀಳುತ್ತಿದ್ದರೆ ತುತ್ತು ಬಾಯಿಗಿಡುವುದೇ ಮರೆತುಹೋಯಿತು. ಸುಖಕ್ಕೆ.

ಕೊನೆಗೆ ಗಂಜಿ ಬಂತು, ಬಟ್ಟಲಲ್ಲಿ. ಚಾನ್ ಒಂದು ಚಮಚ ಕುಡಿದು, ಸೂರು ನೋಡಿ, ಒಂದೇ ಒಂದು ಮಾತು ಹೇಳಿದ. ಅದೇನು ಅಂತ ಕೇಳಿದರೆ ಫಾಂಗ್ ನಗುತ್ತಾಳೆಯೇ ಹೊರತು ತಮಿಳಿಗೆ ತರಲು ಒಪ್ಪುವುದಿಲ್ಲ. ಇವರು ಸೌಟು ಹಿಡಿದು ನನ್ನ ಎದುರಿಗೆ ನಿಂತರು.

"ನೀ ಹೇಳು. ಹ್ಯಾಂಗಿತ್ತು?"

"ಅಡಿ ಹತ್ತಿತ್ತು."

"ಸತ್ಯ ಹೇಳು."

"ಸತ್ಯವೇ. ಅಡಿ ಹತ್ತಿತ್ತು, ಉಪ್ಪು ಇಲ್ಲ, ಅಕ್ಕಿ ಅರ್ಧ ಬೆಂದಿತ್ತು."

ಇವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಎದೆಗೆ ಕೈ ಒತ್ತಿಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾತ್ರೆ ಹುಡುಕಲು ನಾನು ಏಳಲಿಲ್ಲ. ಕೂತಲ್ಲಿಂದಲೇ ಬಟ್ಟಲು ಮುಂದೆ ಹಿಡಿದು, ಇನ್ನೊಂದು ಸೌಟು ಹಾಕಿ ಅಂದೆ.